ಮಾನಮ್ಮನಿಗೆ ಬಿದ್ದ ಕವಡೆ

ಎಪ್ಪತ್ತೆಂಟನೇ ಇಸವಿಯ ಮಾತು. ರಾಯಚೂರಿನ ಒಂದು ಕ್ಷಯದ ವಾರ್ಡಿನಲ್ಲಿ ನಾವು ನಾಲ್ವರು ಹೆಂಗಸರು ಒಂದೇ ಸಾಲಿನ ಮಂಚಗಳಲ್ಲಿ ಬಿದ್ದುಕೊಂಡಿದ್ದೆವು. ಬಾಗಲವಾಡದ ಗೋಪಮ್ಮ ನಾನು. ನನ್ನ ಪಕ್ಕಕ್ಕೆ ಖತೀಜಾ ಬೀ, ಆಚೆಗೆ ಹತ್ತಿ ಮಿಲ್ಲಿನ ಬೂದೆಮ್ಮ, ಕಿಟಕಿಯ ಹತ್ತಿರ ಮಸರಕಲ್ಲಿನ ಮಾನಮ್ಮ. ಬೆಳಿಗ್ಗೆ ಸೂಜಿ, ಅಂಗೈ ತುಂಬ ಗುಳಿಗೆ, ಆಮೇಲೆ ಸಂಜೆಯ ತನಕ ಕೆಮ್ಮುವುದು ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ.

ಖತೀಜಾ ಬೀ ಹತ್ತಿರ ನಾಲ್ಕು ಕವಡೆ ಇದ್ದವು. ಚೌಕಾಬಾರ ಆಡೋಣವೆಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ಆಯಾ ಬಂದು ಫಿನಾಯಿಲು ಹಾಕಿ ಒರೆಸಿಬಿಟ್ಟಳು. ಮೂರು ಸಲ ಎಳೆದೆವು, ಮೂರು ಸಲವೂ ಒರೆಸಿದಳು ಪುಣ್ಯಾತ್ಗಿತ್ತಿ.

"ಹೋಗ್ಲಿ ಬಿಡ್ರೇ," ಅಂದಳು ಖತೀಜಾ ಬೀ. "ಗೆರಿ ಯಾಕ ಬೇಕು? ನಾ ಕಥಿ ಹೇಳ್ತೀನಿ. ಕಥ್ಯಾಗ ನೀವ ನಡೀರಿ."

ಹಾಗೆ ಹುಟ್ಟಿದ ಆಟ ಅದು. ನೀನು ಯಾರೆಂದು ನೀನೇ ಹೇಳಬೇಕು. ಅವಳು ದಾರಿ ಹೇಳುತ್ತಾಳೆ, ಆಪತ್ತು ತರುತ್ತಾಳೆ, "ಈಗ ಏನ್ ಮಾಡ್ತಿ?" ಅನ್ನುತ್ತಾಳೆ. ಮಾಡುವುದು ನಿನ್ನಿಷ್ಟ, ಬೇರೆಯವರು ಬಾಯಿ ಹಾಕುವಂತಿಲ್ಲ. ಆದೀತೋ ಇಲ್ಲವೋ ಎಂಬ ಅನುಮಾನ ಬಂದಾಗ ಮಾತ್ರ ಕವಡೆ. ಮೂರು ಅಂಗಾತ ಬಿದ್ದರೆ ಆಯಿತು, ಕಮ್ಮಿ ಬಿದ್ದರೆ ಇಲ್ಲ. ಇಷ್ಟೇ ಕಾನೂನು. ಅಯ್ಯೋ, ಎಂಥ ಸುಖ ಅಂತೀರಿ! ನಾನು ಗಂಡಸಾಗಿ ಮಾನವಿ ಊರಿಗೆ ಫೌಜುದಾರನಾದೆ, ಮೊದಲ ದಿನವೇ ನಮ್ಮತ್ತೆಯನ್ನು ಠಾಣೆಯೊಳಗೆ ಕೂಡಿದೆ. ಬೂದೆಮ್ಮ ಕಳ್ಳಿಯಾದಳು. ನಾನು ಹಿಡಿಯಲು ಹೋದಾಗಲೆಲ್ಲ ಕೃಷ್ಣಾ ಹೊಳೆಗೆ ಜಿಗಿದು ತಪ್ಪಿಸಿಕೊಂಡಳು. ಪಾಯಖಾನೆಗೆ ಹೋಗಲು ಗೋಡೆ ಹಿಡಿಯುತ್ತಿದ್ದ ಹೆಂಗಸು! ನಕ್ಕು ನಕ್ಕು ಕೆಮ್ಮು ಬಂದು ನರ್ಸಮ್ಮನಿಂದ ಬೈಸಿಕೊಳ್ಳುತ್ತಿದ್ದೆವು.

ಮಾನಮ್ಮ ಮಾತ್ರ ಬೇರೇನೂ ಆಗಲೊಲ್ಲಳು. "ನಾ ಮಾನಮ್ಮನ ಆಗ್ತೀನಿ. ಊರಿಗಿ ಹೋಗ್ತೀನಿ," ಅನ್ನುವಳು. ಮೂರು ವರ್ಷದ ಮಗಳು ಆದೆಮ್ಮನನ್ನು ಬಿಟ್ಟು ಬಂದು ಏಳು ತಿಂಗಳಾಗಿತ್ತು. ಗಂಡ ಕನಕರಾಯ ಮೊದಲೆರಡು ತಿಂಗಳು ಬಂದವನು ಆಮೇಲೆ ಈ ಕಡೆ ಹಾಯಲಿಲ್ಲ. ಕಥೆಯಲ್ಲಿ ಅವಳು ದೇವದುರ್ಗದ ಬಸ್ಸು ಹತ್ತುವಳು, ಮಸರಕಲ್ಲಿನಲ್ಲಿ ಇಳಿಯುವಳು, ತನ್ನ ಮನೆಯ ಹೊಸ್ತಿಲ ಮುಂದೆ ನಿಂತು ಕೇಳುವಳು: "ಕೂಸು ನನ್ನ ಗುರ್ತ ಹಿಡೀತದೇನು?"

ಪ್ರತಿ ಸಲವೂ ಕಮ್ಮಿಯೇ ಬೀಳುತ್ತಿತ್ತು. ಅವಳ ಹಣೆಬರಹ.

"ಬಿದ್ದದ್ದು ಬಿದ್ದದ್ದ," ಅನ್ನುತ್ತಿದ್ದಳು ಖತೀಜಾ ಬೀ. "ನಾಳಿ ಮತ್ತ ಹೋಗೂಣು." ನಾಳೆ ಇದೆಯಲ್ಲ ಎಂದು ಮಾನಮ್ಮ ಗುಳಿಗೆ ನುಂಗುತ್ತಿದ್ದಳು.

ಖತೀಜಾ ಬೀ ದಸರೆಯ ಮುಂದೆ ತೀರಿಕೊಂಡಳು. ಕವಡೆ ನನ್ನ ಕೈಗೆ ಬಂದವು, ಕಥೆ ಹೇಳುವ ಕೆಲಸವೂ ಬಂತು. ಮಾನಮ್ಮ ಊಟ ಬಿಟ್ಟಳು. "ಬೀ ಇದ್ದಾಗ ಬೀಳಲಿಲ್ಲ, ಇನ್ನೇನ್ ಬೀಳ್ತಾವ ತಗಿ," ಅಂದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಗಂಡನ ಮೇಲೆ, ದೇವರ ಮೇಲೆ, ಆ ನಾಲ್ಕು ಚಿಪ್ಪುಗಳ ಮೇಲೆ!

ಒಂದು ಮಧ್ಯಾಹ್ನ ಒತ್ತಾಯ ಮಾಡಿ ಆಡಿಸಿದೆ. ಮತ್ತೆ ಅದೇ ಬಸ್ಸು, ಅದೇ ಹೊಸ್ತಿಲು. "ಗುರ್ತ ಹಿಡೀತದೇನು, ಗೋಪಮ್ಮ?" ಎಂದು ಕಣ್ಣು ಮುಚ್ಚಿಕೊಂಡಳು. ಒಗೆದೆ. ಎರಡು ಅಂಗಾತ. ಕಿರುಬೆರಳಿನಿಂದ ಇನ್ನೊಂದನ್ನು ಹೊರಳಿಸಿದೆ. ಬೂದೆಮ್ಮ ನೋಡಿದಳು, ಆಚೆ ಮಗ್ಗುಲಾದಳು.

"ಕಣ್ ತಗದು ನೋಡಬೇ, ಮೂರು ಬಿದ್ದಾವ! ಕೂಸು ಯವ್ವಾ ಅಂತ ಓಡಿ ಬಂದು ಸೀರಿ ಹಿಡ್ಕೊಂತು!"

ಮಾನಮ್ಮ ಅತ್ತಳು, ನಕ್ಕಳು, ಎರಡು ರೊಟ್ಟಿ ತಿಂದಳು. ನಾನೂ ಹಿಗ್ಗಿದೆ. ನನ್ನ ಬುದ್ಧಿಗೆ ಬೆಂಕಿ ಬೀಳ! ಅವಳು ಕುರಿಯವರ ಮನೆಯ ಹೆಣ್ಣು. ಕುರಿ ತಪ್ಪಿದರೆ ಅವರಲ್ಲಿ ಹಿರಿಯರು ಕವಡೆ ಒಗೆದು ಯಾವ ದಿಕ್ಕಿಗಿದೆ ಎಂದು ಹೇಳುತ್ತಾರೆ, ಮಂದಿ ಆ ದಿಕ್ಕಿಗೇ ಹೊರಡುತ್ತಾರೆ. ನಮಗೆ ಆಟವಾಗಿದ್ದದ್ದು ಅವಳಿಗೆ ಒಂದು ದಿನವೂ ಆಟವಾಗಿರಲಿಲ್ಲ.

ಮರುದಿನ ಸೂಜಿಯ ಹೊತ್ತಿಗೆ ಮಂಚ ಖಾಲಿ. ಇನ್ನೂ ಐದು ತಿಂಗಳ ಔಷಧ ಬಾಕಿಯಿತ್ತು. ಅವಳ ಟ್ರಂಕು ಮಂಚದ ಕೆಳಗೇ ಉಳಿದಿತ್ತು.

ಹನ್ನೊಂದನೇ ದಿನ ಆ ಟ್ರಂಕು ಒಯ್ಯಲು ಕನಕರಾಯ ಬಂದ. ಕಂಬಳಿ ಹೊದ್ದು ಬಾಗಿಲಲ್ಲೇ ನಿಂತ.

"ಬಂದ್ಲರಿ. ಕೂಸು ನೋಡಿ ಹೆದರಿ, ಚೀರಿ, ಅವರವ್ವನ ಸೆರಗಿನ್ಯಾಗ ಹೊಕ್ಕೊಂತು."

"ಅವರವ್ವ ಯಾರು?" ಅಂದೆ.

ಅವನು ತಲೆ ತಗ್ಗಿಸಿದ. "ಹ್ಯಾಂಗೂ ಉಳಿಯಂಗಿಲ್ಲ ಅಂದ್ರರಿ ಎಲ್ಲಾರೂ. ಮದಿವಿ ಮಾಡ್ಕೊಂಡೆ."

ಬೈಗುಳ ಗಂಟಲ ತನಕ ಬಂತು. ಯಾವ ಬಾಯಿಂದ ಬೈಯಲಿ?

"ಒಳಗ ಬಾ ಅಂದ್ರ ಬರಲಿಲ್ಲ. ಹೊಸ್ತಿಲದಾಗ ಕುಂತು ರಕ್ತ ಕಾರಿದ್ಲು. ಮೂರ್ ದಿನ ಇದ್ಲರಿ. ಜೀವ ಹೋಗೋತನಕ, ಇನ್ನೊಂದ್ಸಲ ಒಗಿ ಗೋಪಮ್ಮ, ಇನ್ನೊಂದ್ಸಲ ಒಗಿ, ಅಂತ ಒಂದ ಸವನ ಅನ್ನಾಕತ್ತಿದ್ಲು. ಏನ್ ಒಗೀಬೇಕೋ ನಮಗ ತಿಳೀಲಿಲ್ಲ. ಗೋಪಮ್ಮ ಅಂದ್ರ ಯಾರ್ರಿ?"

ಬೂದೆಮ್ಮ ನನ್ನ ಮುಖ ನೋಡಿದಳು.

"ಇದ್ಲಪ್ಪಾ ಒಬ್ಬಾಕಿ," ಅಂದೆ. "ಆಕೀನೂ ಹೋದ್ಲು."

ಅವನು ಟ್ರಂಕು ಎತ್ತಿಕೊಂಡು ಹೋದ. ಕವಡೆ ನನ್ನ ದಿಂಬಿನ ಕೆಳಗಿದ್ದವು.