ಗಂಟೆ ಹೊಡೆದಾಗ ಸಾಹೇಬರು ಎಲ್ಲಿದ್ದರು

ಹನ್ನೊಂದು ವರ್ಷ ಒಬ್ಬರ ಗಡ್ಡ ಕೆರೆದ ಮೇಲೆ ಅವರ ಮುಖದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಾನು ಶಾಸನಸಭೆಯ ಕಟ್ಟಡದಲ್ಲಿ ಕಟಿಂಗ್ ಮಾಡುವವನು. ನೆಲಮಾಳಿಗೆಯಲ್ಲಿ ನನ್ನ ಕೋಣೆ. ಎರಡು ಕುರ್ಚಿ, ಉದ್ದ ಕನ್ನಡಿ, ಬಾಗಿಲ ಮೇಲೊಂದು ಗಂಟೆ. ಮೇಲೆ ಸದನದಲ್ಲಿ ಏನಾದರೂ ಮತಕ್ಕೆ ಬಂದರೆ ಆ ಗಂಟೆ ಎಂಟು ನಿಮಿಷ ಬಡಿದುಕೊಳ್ಳುತ್ತದೆ. ಅಷ್ಟರೊಳಗೆ ಸದಸ್ಯರು ಓಡಿಹೋಗಿ ಒಳಗೆ ಸೇರಬೇಕು, ಆಮೇಲೆ ಬಾಗಿಲು ಹಾಕಿಬಿಡುತ್ತಾರೆ. ಹೊರಗೆ ಉಳಿದವನು ಎಷ್ಟು ದೊಡ್ಡವನಾದರೂ ಹೊರಗೇ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಮ್ಮ ಜೇಬಿನಿಂದ ಒಂದು ಕಾಗದ ತೆಗೆದು ತಟ್ಟೆ ಪಕ್ಕ ಇಟ್ಟ. ನಮ್ಮ ಕ್ಷೇತ್ರದಿಂದ ಗೆದ್ದ ಸಾಹೇಬರು, ನನ್ನ ಕುರ್ಚಿಯ ಹನ್ನೊಂದು ವರ್ಷದ ಗಿರಾಕಿ, ಬರೆದ ಕಾಗದ. ‘ಮಾಜಿ ಸೈನಿಕರ ವಿರುದ್ಧ ನಾನು ಇವತ್ತಿನವರೆಗೆ ಒಂದೇ ಒಂದು ಮತ ಹಾಕಿಲ್ಲ’ ಅಂತ ಇತ್ತು, ಕೆಳಗೆ ಸಹಿ.

“ಬುಧವಾರ ಚುನಾವಣಾ ಸಭೆ. ನಾನು ಅವರ ಪಕ್ಕ ನಿಂತು ಇದನ್ನೇ ಹೇಳಬೇಕಂತೆ,” ಅಂದ. “ಗೆದ್ದ ಮೇಲೆ ಹೊಸ ಕಾಲು ಗ್ಯಾರಂಟಿ ಅಣ್ಣ.”

ತಮ್ಮ ಯುದ್ಧಕ್ಕೆ ಹೋಗಿ ಎಡಗಾಲು ಬಿಟ್ಟು ಬಂದವನು. ಮಂಡಿಯ ಕೆಳಗೆ ಏನಿಲ್ಲ. ಸರ್ಕಾರ ಒಂದು ಸಲ ಕೃತಕ ಕಾಲು ಕೊಟ್ಟು ಕೈತೊಳೆದುಕೊಂಡಿತು. ಆರು ವರ್ಷದಲ್ಲಿ ಉಳಿದ ಮೊಂಡುಗಾಲು ಸೊರಗಿದೆ, ಕೃತಕ ಕಾಲು ಸಡಿಲವಾಗಿದೆ, ಮೂರು ಕಾಲುಚೀಲ ತುರುಕಿದರೂ ಉಜ್ಜಿ ಉಜ್ಜಿ ಹುಣ್ಣು. ಹೀಗೇ ಬಿಟ್ಟರೆ ಮಂಡಿಯನ್ನೂ ತೆಗೆಯಬೇಕಾದೀತು ಅಂತ ಡಾಕ್ಟರು ಹೇಳಿದ್ದಾರೆ.

ಕಾಗದ ಎರಡು ಸಲ ಓದಿದೆ.

“ವಿರುದ್ಧ ಹಾಕಿಲ್ಲ ಅಂತ ಯಾಕೆ ಸುತ್ತಿಬಳಸಿ ಬರೆದಿದ್ದಾರೆ? ಪರವಾಗಿ ಹಾಕಿದೀನಿ ಅಂತ ಬರೆಯೋಕೆ ಏನು ಧಾಡಿ?”

“ಶುರುವಾಯ್ತು,” ಅಂದ ತಮ್ಮ. “ಸಂಶಯ ಪಿಶಾಚಿ ಕಣಣ್ಣ ನೀನು.”

“ಅದನ್ನ ನನ್ನ ಕೇಳಪ್ಪ,” ಅಂದಳು ನನ್ನವಳು. “ನಾನು ಬೀಗ ಹಾಕಿ ಬಂದ ಮೇಲೆ ಇವರು ವಾಪಸ್ ಹೋಗಿ ಎಳೆದು ನೋಡ್ತಾರೆ.”

ಇಬ್ಬರೂ ನಕ್ಕರು. ನಗಲಿ. ನನಗೆ ಮಾತ್ರ ಯಾರೋ ಕಿವಿ ಮೇಲೆ ಹೂವು ಇಡುತ್ತಿದ್ದಾರೆ ಅನ್ನಿಸಿತು.

ಮರುದಿನ ಎರಡನೇ ಮಹಡಿಯ ದಾಖಲೆ ಕೋಣೆಗೆ ಹೋದೆ. ಯಾರು ಯಾವ ಮತ ಹಾಕಿದರು ಅನ್ನುವುದೆಲ್ಲ ಅಲ್ಲಿ ದಪ್ಪ ಪುಸ್ತಕಗಳಲ್ಲಿ ಅಚ್ಚಾಗಿರುತ್ತದೆ. “ನಾನು ನೋಡಬಹುದಾ?” ಅಂದರೆ ಅಲ್ಲಿನ ಮೇಡಂ, “ಯಾರು ಬೇಕಾದ್ರೂ ನೋಡಬಹುದು. ಯಾರೂ ಬರಲ್ಲ ಅಷ್ಟೆ,” ಅಂತ ಕನ್ನಡಕ ಏರಿಸಿಕೊಂಡು ಎದ್ದರು.

ಯುದ್ಧದ ಖರ್ಚಿನ ಮಸೂದೆ ಐದು ಸಲ ಮತಕ್ಕೆ ಬಂದಿತ್ತು. ಐದು ಸಲವೂ ‘ಪರ’ ಅನ್ನುವ ಪಟ್ಟಿಯಲ್ಲಿ ಸಾಹೇಬರ ಹೆಸರು ಠೀವಿಯಿಂದ ಕೂತಿತ್ತು. ಮಾಜಿ ಸೈನಿಕರ ಮಸೂದೆಗಳು ನಾಲ್ಕು ಸಲ. ‘ವಿರುದ್ಧ’ದ ಪಟ್ಟಿ ಬೆರಳಿಟ್ಟು ನೋಡಿದೆ, ಇಲ್ಲ. ಛೆ, ಒಳ್ಳೆಯ ಮನುಷ್ಯನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ ಅಂತ ನಾಚಿಕೆಯಾಯಿತು. ಆಮೇಲೆ ‘ಪರ’ದ ಪಟ್ಟಿ ನೋಡಿದೆ. ಅಲ್ಲೂ ಇಲ್ಲ.

ಮೇಡಂ ಹಾಳೆ ತಿರುವಿ ಬೆರಳಿಟ್ಟರು. “ಗೈರು,” ಅಂದರು. ನಾಲ್ಕಕ್ಕೆ ನಾಲ್ಕೂ ಗೈರು. ಕಡೆಯದು, ಕೈಕಾಲು ಕಳೆದುಕೊಂಡವರಿಗೆ ಮೂರು ವರ್ಷಕ್ಕೊಮ್ಮೆ ಹೊಸದು ಕೊಡುವ ಮಸೂದೆ. ಒಂದೇ ಒಂದು ಮತ ಕಡಿಮೆಯಾಗಿ ಬಿದ್ದುಹೋಗಿತ್ತು.

ಹುಷಾರಿರಲಿಲ್ಲವೋ ಏನೋ, ಊರಲ್ಲೇ ಇರಲಿಲ್ಲವೋ ಏನೋ. ನಾಲ್ಕು ತಾರೀಖನ್ನೂ ಚೀಟಿಯಲ್ಲಿ ಬರೆದುಕೊಂಡೆ. ಕೆಳಗೆ ಬಂದು, ಆ ದಿನಗಳಲ್ಲಿ ಅವರು ಕಟ್ಟಡಕ್ಕೆ ಬಂದಿದ್ದರಾ ನೋಡೋಣ ಅಂತ ನನ್ನ ಸರದಿ ಪುಸ್ತಕ ತೆಗೆದೆ. ಯಾರು ಎಷ್ಟು ಹೊತ್ತಿಗೆ ಕುರ್ಚಿಗೆ ಬರುತ್ತಾರೆ ಅಂತ ಬರೆದಿಡುವ ಪುಸ್ತಕ.

ನಾಲ್ಕು ದಿನವೂ, ಮತ ಹಾಕುವ ಅದೇ ಹೊತ್ತಿಗೆ, ನನ್ನದೇ ಅಕ್ಷರದಲ್ಲಿ ಸಾಹೇಬರ ಹೆಸರು. ಹಿಂದಿನ ದಿನವೇ ಫೋನ್ ಮಾಡಿಸಿ ಹಿಡಿದಿಟ್ಟ ಸರದಿ.

ಎಲ್ಲ ನೆನಪಾಯಿತು. ಬೇರೆ ದಿನ ಗಂಟೆ ಹೊಡೆದರೆ ಈ ಮನುಷ್ಯ ಕುತ್ತಿಗೆಯ ಬಟ್ಟೆ ಕಿತ್ತೆಸೆದು, ಕಿವಿಯ ಹಿಂದೆ ನೊರೆ ಇಟ್ಟುಕೊಂಡೇ ಓಡಿದ್ದುಂಟು. ಆದರೆ ಆ ದಿನಗಳಲ್ಲಿ, “ಸಾರ್, ಗಂಟೆ ಹೊಡೀತಿದೆ,” ಅಂದರೆ ಕಣ್ಣೂ ಬಿಡುತ್ತಿರಲಿಲ್ಲ. “ಹೊಡೀಲಿ ಬಿಡಯ್ಯ. ನಿನ್ನ ಕೈಗೆ ಸಿಕ್ಕ ಮೇಲೆ ಎದ್ದು ಹೋಗೋಕೆ ಮನಸ್ಸು ಬರುತ್ತಾ? ತಲೆ ಇನ್ನೊಂಚೂರು ತಿಕ್ಕು.”

ಮತ್ತೆ ನಾನು? ಉಬ್ಬಿಹೋಗಿದ್ದೆ. ಮೈಮರೆತು ತಿಕ್ಕಿದ್ದೆ. ಅಷ್ಟು ದೊಡ್ಡವರು ನನ್ನ ಕೈಗೋಸ್ಕರ ಸದನವನ್ನೇ ಬಿಟ್ಟು ಕೂತಿದ್ದರು ಅಂತ ಮನೆಗೆ ಬಂದು ಕೊಚ್ಚಿಕೊಂಡಿದ್ದೆ. ಥೂ ನನ್ನ!

ಸಂಜೆ ತಮ್ಮನ ಮುಂದೆ ಚೀಟಿ ಇಟ್ಟು ಎಲ್ಲ ಹೇಳಿದೆ. ಅವನು ರೇಗುತ್ತಾನೆ, ಸಾಹೇಬರಿಗೆ ಹಿಡಿಶಾಪ ಹಾಕುತ್ತಾನೆ ಅಂದುಕೊಂಡಿದ್ದೆ. ಅವನು ಚೀಟಿಯನ್ನು ನನ್ನ ಕಡೆಗೇ ತಿರುಗಿಸಿಟ್ಟ.

“ನೀನು ಅವತ್ತು ಬಂದು ಹೇಳಿದ್ದು ನೆನಪಿದೆ,” ಅಂದ. “ನಾನೂ ಖುಷಿಪಟ್ಟಿದ್ದೆ. ಗಂಟೆ ಯಾತಕ್ಕೆ ಹೊಡೀತಿದೆ ಅಂತ ಒಂದು ಸಲಾನೂ ಕೇಳಲಿಲ್ವಾ ಅಣ್ಣ?”

“ಅದೆಲ್ಲ ನಮಗ್ಯಾಕೆ ಅಂತ...”

“ಹಾಕಿದ ಬೀಗದ ಮೇಲೂ ನಿಂಗೆ ಸಂಶಯ. ಹೊಗಳಿದವನ ಮೇಲೆ ಮಾತ್ರ ಬರಲಿಲ್ಲ.”

ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

“ಬುಧವಾರ ನೀನೂ ಬಾ,” ಅಂದ. “ಮೈಕ್ ನಿನ್ನ ಕೈಗೆ ಕೊಡ್ತೀನಿ. ಕಂಡಿದ್ದು ನೀನು, ನೀನೇ ಹೇಳಬೇಕು.”

“ಕೆಲಸ ಹೋಗುತ್ತೆ ಕಣೋ.”

ಅವನು ಕೃತಕ ಕಾಲು ಬಿಚ್ಚಿಟ್ಟು ಕಾಲುಚೀಲಗಳನ್ನು ಒಂದೊಂದಾಗಿ ಕಳಚಿದ. ಒಳಗಿನದು ಹುಣ್ಣಿಗೆ ಅಂಟಿಕೊಂಡಿತ್ತು. ನನ್ನವಳು ಬಿಸಿನೀರು ತಂದಳು. ನಾನು ಕೆಳಗೆ ಕೂತು ಅದನ್ನು ನೆನೆಸಿ ನೆನೆಸಿ ಬಿಡಿಸಿದೆ. ಅವನು ಒಂದು ಸಲವೂ ಅಮ್ಮಾ ಅನ್ನಲಿಲ್ಲ. ನನಗೇ ಅಳು ಬಂತು.

ಬುಧವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ತಮ್ಮ ನನ್ನ ಭುಜ ಹಿಡಿದು ವೇದಿಕೆ ಹತ್ತಿದ. “ನಂಗಿಂತ ಮುಂಚೆ ನಮ್ಮಣ್ಣ ಎರಡು ಮಾತು ಹೇಳ್ತಾನೆ,” ಅಂದ.

ಸಾಹೇಬರ ಮುಖ ಅರಳಿತು. ತಾವೇ ಮೈಕಿಗೆ ಬಾಗಿ, “ಹನ್ನೊಂದು ವರ್ಷದಿಂದ ನನ್ನ ತಲೆ ಇವನ ಕೈಯಲ್ಲೇ ಇದೆ!” ಅಂದರು. ಜನ ಹೋ ಅಂತ ನಕ್ಕರು. ಮೊದಲಾಗಿದ್ದರೆ ಆ ಮಾತಿಗೆ ನಾನು ವಾರವೆಲ್ಲ ತೇಲಾಡುತ್ತಿದ್ದೆ.

ಮೈಕ್ ತೆಗೆದುಕೊಂಡೆ. ಗಂಟೆಯ ವಿಷಯ ಹೇಳಿದೆ, ಚೀಟಿ ನೋಡಿ ನಾಲ್ಕು ತಾರೀಖು ಓದಿದೆ. ಯುದ್ಧಕ್ಕೆ ದುಡ್ಡು ಕೊಡುವಾಗ ಇವರು ಐದು ಸಲವೂ ಓಡಿಹೋಗಿ ಕೈ ಎತ್ತಿದರು, ಯುದ್ಧಕ್ಕೆ ಹೋಗಿ ಬಂದವರ ಸರದಿಗೆ ನಾಲ್ಕು ಸಲವೂ ಎದ್ದೇಳಲಿಲ್ಲ ಅಂದೆ. ನನ್ನ ತಮ್ಮನ ಕಾಲಿನ ಮಸೂದೆ ಒಂದು ಮತದಿಂದ ಬಿದ್ದ ದಿನ ಆ ಒಂದು ಮತ ನನ್ನ ಕುರ್ಚಿಯಲ್ಲಿ ಕಣ್ಣುಮುಚ್ಚಿ ಒರಗಿಕೊಂಡಿತ್ತು ಅಂದೆ. ಅಷ್ಟು ಹೇಳುವುದು ಏನೂ ಕಷ್ಟವಾಗಲಿಲ್ಲ. ಅಷ್ಟಕ್ಕೇ ಚೀಟಿ ಮಡಿಸಿ ಜೇಬಿಗಿಟ್ಟೆ.

ಸಾಹೇಬರು ಮೈಕಿಗೆ ಕೈ ಚಾಚಿದರು. ತಮ್ಮ ಕುಂಟುತ್ತಾ ಬಂದು ನಮ್ಮಿಬ್ಬರ ನಡುವೆ ನಿಂತ.

“ಪೂರ್ತಿ ಹೇಳಣ್ಣ,” ಅಂದ.

“ಅವರ ತಲೆ ತಿಕ್ಕುತ್ತಾ ನಿಂತವನು ನಾನು,” ಅಂದೆ. “ಗಂಟೆ ನನಗೂ ಕೇಳಿಸ್ತಿತ್ತು.”