ಕೊಟ್ರಪ್ಪನ ಹೆಸರಿನ ರಕ್ತ

ಕೊಟ್ರ್ಯಾ ಉಣ್ಣೋದು ನೋಡಿದ್ರ ನನಗ ಸಿಟ್ಟು ಬರ್ತಿತ್ತು. ಇಬ್ರೂ ಕೊಪ್ಪಳದ ಕಡೆಯವ್ರು, ಪೀಣ್ಯದಾಗ ಒಂದ ಫ್ಯಾಕ್ಟರಿ, ಒಂದ ರೂಮು. ಅವನ ಹೊಟ್ಟಿ ನಗಾರಿ, ನಾ ಕಟಗಿ. ಎರಡು ತಿಂಗಳಿಂದ ಅವಂದು ಎರಡ ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಸಂಜಿಮುಂದ ಒಂದು ತಾಸು ನಡಿಗಿ. ನಾ ಅವನ ಎದುರಿಗೇ ಕುಂತು ಮೂರು ಸಲ ಅನ್ನ ಹಾಕ್ಕೊಂಡು ಮ್ಯಾಲ ಮಿರ್ಚಿ ಹೊಡೀತಿದ್ದೆ.

"ಲೇ ಡ್ರಮ್ಮಾ, ಎಷ್ಟು ನಡದ್ರೂ ಸಕ್ರಿ ಬ್ಯಾನಿ ನಿನ್ನ ಬಿಡಂಗಿಲ್ಲ. ನನ್ನ ನೋಡು, ಏನ್ ತಿಂದ್ರೂ ಮೈಗೆ ಹತ್ತಂಗಿಲ್ಲ!"

"ನಿನ್ನ ಮೈ ನಿನಗ, ನನ್ನ ಮೈ ನನಗಪಾ" ಅಂತಿದ್ದ ಅವ.

ಸೇಫ್ಟಿ ಶೂ ಕಚ್ಚಿ ಕಾಲಬೆರಳಿಗೆ ಗಾಯ ಆಗಿ ತಿಂಗಳಾದ್ರೂ ನಾ ದವಾಖಾನಿ ಮೆಟ್ಲ ಹತ್ತಿದವ ಅಲ್ಲ.

ಫ್ಯಾಕ್ಟರ್ಯಾಗ ರಕ್ತ ತಪಾಸಣಿ ಬಂತು. ಕೊಟ್ರ್ಯಾನ ಹೆಸರು ಪರ್ಮನೆಂಟ್ ಮಾಡೋ ಪಟ್ಟ್ಯಾಗ ಇತ್ತು. ಅವರಪ್ಪ ಸಕ್ರಿ ಬ್ಯಾನ್ಯಾಗ ಹೋದವ. ತನಗೂ ಸಕ್ರಿ ಅಂತ ಬಂದ್ರ ಹೆಸರು ಹೊಡೀತಾರ ಅಂತ ಅಂಜಿ ಇವ ತನ್ನ ನಂಬರಿನ ಟೋಕನ್ ಹಿಡ್ಕೊಂಡು ಸಾಲಿನ ಹೊರಗ ನಿಂತಿದ್ದ. "ಥೂ ನಿನ್ನ, ಕೊಡು ಇಲ್ಲಿ" ಅಂತ ಅವನ ಟೋಕನ್ ಕಸ್ಕೊಂಡು ನಾನ ಖಾಲಿ ಹೊಟ್ಟೀಲೆ ಸಾಲಿಗೆ ನಿಂತೆ. ಅಲ್ಲಿ ನಂಬರ್ ನೋಡ್ತಾರ, ಮಾರಿ ಯಾರು ನೋಡ್ತಾರ? ಅವನ ಹೆಸರಿಲೆ ರಕ್ತ ಕೊಟ್ಟು ಬಂದೆ. ನನ್ನ ಟೋಕನ್ ಕಿಸೆದಾಗ ಉಳೀತು. ನನಗೇನಾಗೈತಿ ಅಂತ ಎರಡೆರಡು ಸಲ ಚುಚ್ಚಿಸ್ಕೊಳ್ಳಲಿ?

ಹದಿನೈದು ದಿನಕ್ಕ ಫ್ಯಾಕ್ಟರಿ ನರ್ಸಮ್ಮ ಅವನ್ನ ಕರದ್ಲು. ಮಜಾ ನೋಡಾಕ ನಾನೂ ಹೋದೆ.

"ಕೊಟ್ರಪ್ಪ ಅಂದ್ರೆ ಯಾರು? ಶುಗರ್ ಮುನ್ನೂರ ಹದಿನೆಂಟು ಇದೆ ಕಣ್ರೀ, ಅದೂ ಖಾಲಿ ಹೊಟ್ಟೇಲಿ! ಬಾಯಾರಿಕೆ ಜಾಸ್ತಿ ಆಗಲ್ವಾ? ಗಾಯ ಏನಾದ್ರೂ ಇದ್ಯಾ?"

ನಾ ತೊಡಿ ಬಡ್ಕೊಂಡು ನಕ್ಕೆ. "ನಾ ಹೇಳಿದ್ದಿಲ್ಲೇನಲೇ ಡ್ರಮ್ಮಾ!" ರೂಢಿ ನೋಡ್ರಿ, ಬಾಯಿ ಮುಂದ ಓಡ್ತು.

ಕೊಟ್ರ್ಯಾ ನಗಲಿಲ್ಲ. ನನ್ನ ಕಿವಿಗೆ ಬಾಯಿ ಹಚ್ಚಿದ.

"ಬಸ್ಯಾ, ಅದು ನಿನ್ನ ರಕ್ತಲೇ."

ಅಯ್ಯ ಶಿವನ! ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ತಾನ ಬಾನ್ಯಾಗ ಬಿತ್ತಂತ. ದಿನಾ ತಂಬಿಗಿಗಟ್ಟಲೆ ನೀರು ಕುಡೀತಿದ್ದೆ, ಮಷೀನಿನ ಕಾವಿಗೆ ಅಂತ ತಿಳಕೊಂಡಿದ್ದೆ. ಆದ್ರೂ, ಮೋಸ ಗೊತ್ತಾದ್ರ ಇಬ್ಬರನ್ನೂ ಗೇಟಿನ ಹೊರಗ ಹಾಕ್ತಾರ, ಸುಮ್ನಿರು ಅಂತ ಅವಗ ಕಣ್ಣಸನ್ನಿ ಮಾಡಿದೆ.

"ಮೇಡಂ, ನನ್ನ ಹೆಸರಿಲೆ ಇವ ಕೊಟ್ಟಾನ್ರಿ" ಅಂದೇಬಿಟ್ಟ ಕೊಟ್ರ್ಯಾ. "ಬೇಕಾದ್ರ ನನ್ನ ಹೆಸರು ಹೊಡೀರಿ. ಮೊದಲ ಇವನ್ನ ನೋಡ್ರಿ."

ನರ್ಸಮ್ಮ ಇಬ್ರ ಬೆರಳಿಗೂ ಚುಚ್ಚಿ ಮಷೀನ್‌ನಾಗ ನೋಡಿದ್ಲು. ಅವಂದು ನೂರಾ ಎರಡು. ನಂದು ನಾನೂರಾ ಆರು.

"ಶೂ ಬಿಚ್ಚಿ."

ಸಾಕ್ಸ್ ಅಂಟ್ಕೊಂಡಿತ್ತು, ಜಗ್ಗಿದೆ. ಬೆರಳು ಕರ್ರಗಾಗಿತ್ತು. ಆಕಿ ಗಟ್ಟಿಯಾಗಿ ಒತ್ತಿದ್ಲು.

"ನೋವಾಗುತ್ತಾ?"

"ಇಲ್ರಿ, ಏನೂ ಗೊತ್ತ ಆಗವಲ್ದು" ಅಂದೆ. ನನಗ ಒಂದೀಟು ಸಮಾಧಾನ ಆತು.

ಆಕಿ ನನ್ನ ಬಿಟ್ಟು ಕೊಟ್ರ್ಯಾನ ಕಡೆ ತಿರುಗಿದ್ಲು. "ಓಡಿ, ಆಟೋ ಕರೀರಿ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು, ಕಾಲು ಉಳೀಬೇಕಲ್ಲ."

ನಾ ಡ್ರಮ್ಮಾ ಅಂತಿದ್ದವ ಗೇಟಿನ ತನಕ ಓಡಿದ. ನಾ ಬಿಚ್ಚಿದ ಶೂ ಕೈಯಾಗ ಹಿಡ್ಕೊಂಡು ಅವನ ದಾರಿ ನೋಡಾಕ ಹತ್ತಿದೆ.