ರೊಮೆರೊ ಮೂಸಿದ ಭಾನುವಾರ

ಮೂಗಿನ ತುದಿಗೆ ಏನೋ ಮೆತ್ತಗೆ ತಾಗುತ್ತಿದೆ, ಬೆಕ್ಕಿನ ಮರಿಯ ಕಿವಿಯ ಹಾಗೆ, ಅತ್ತೆಯೇ, ಮತ್ಯಾರು, ರೊಮೆರೊ ಹೂವಿನ ತೆನೆಯನ್ನು ಮುಖಕ್ಕೇ ಹಿಡಿದಿದ್ದಾರೆ, ನೇರಳೆ ಉಣ್ಣೆ ಹೊದ್ದ ಹೂವು, ಮೂಸೇ ಕಾಸಿಲ್ಡಾ, ಮೂಗಿರೋದು ಬರೀ ಸೀನೋಕಲ್ಲ — ಮೂಸಿದೆ, ಗಾಳಿ, ಬರೀ ಗಾಳಿ, ಚಳಿಗಾಲದ ಆ ಜ್ವರ ಬಿಟ್ಟಂದಿನಿಂದ ಲೋಕವೆಲ್ಲ ತೊಳೆದಿಟ್ಟ ಗಾಜಿನ ಲೋಟ. ಸಾಂತಾ ಇನೆಸ್ ಕಣಿವೆಯ ಮದುವೆಗಳಿಗೆಲ್ಲ ಅಡುಗೆ ಮಾಡಿದವಳು ನಾನು, ಒಲೆಯ ಮೇಲೆ ಕಾಳು ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಹಾಡಿಕೊಂಡು ನಿಂತಿದ್ದೆ, ಗಂಡ ಓಡಿ ಬಂದು ಕಿಟಕಿ ತೆರೆದ, ಸೀದ ಪಾತ್ರೆ ತಾನೇ ತಿಕ್ಕಿದ, ಬೈದಿದ್ದರೆ ವಾಸಿಯಿತ್ತು, ರಾತ್ರಿ ಮಗಳ ನೆತ್ತಿ ಮೂಸಿದರೆ ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ. ವಾಸನೆ ಬಂದ್ರೂ ಬರಬಹುದು, ಬರದೇನೂ ಇರಬಹುದು ಎಂದರು ಡಾಕ್ಟರು, ನಿನ್ನ ಮೂಗು ಮಾಡಿದ್ದು ಅವರಾ, ಬೆಟ್ಟ ಹತ್ತು ನಡಿ ಎಂದರು ಅತ್ತೆ, ಎಂಬತ್ತರ ಮುದುಕಿ, ಪ್ರತಿ ಭಾನುವಾರ ಚರ್ಚಿನಿಂದ ನೇರ ಇಲ್ಲಿಗೆ, ಮುಳ್ಳು ಪೊದೆ ಗೀರಿದರೂ ನಿಲ್ಲುವವರಲ್ಲ. ಹೋದ ವಾರ ಸೋತು, ಬಂತು ಅತ್ತೆ, ಘಮ್ ಅಂತಿದೆ ಅಂದುಬಿಟ್ಟೆ, ಕಳ್ಳೀ, ಕಣ್ಣು ಬಿಟ್ಟು ನೋಡು, ನಾನು ಹಿಡಿದಿರೋದು ಕಲ್ಲು! ಈಗ ನಿಜವಾದ ತೆನೆಯೇ, ಎಲೆ ಹಿಸುಕಿದರೆ ಬೆರಳಿಗೆ ಅಂಟು, ಉಸಿರೆಳೆದುಕೊಂಡೆ, ಏನಿಲ್ಲ, ಇನ್ನೊಮ್ಮೆ — ತಾಳು — ಒಂದು ಎಳೆ ವಾಸನೆ, ಪೆನ್ಸಿಲ್ ಹೆರೆದ ಹಾಗೆ, ಅದರ ಬೆನ್ನಿಗೇ ಸಿಹಿ, ಅತ್ತೆ, ಏನೇ, ಅತ್ತೇ! ಹಾವಾ? ಎಲ್ಲಿ ಹಾವು? ಹಾವಲ್ಲ, ಬಂತು! ಅಂದ ಮಾತು ನಂಬುವ ಹೆಂಗಸೇ, ಕಣ್ಣು ಮುಚ್ಚು ಎಂದರು, ಮುಚ್ಚಿದೆ, ಒಂದೊಂದೇ ಮೂಗಿಗೆ ಹಿಡಿದರು, ಮೊದಲನೆಯದಕ್ಕೆ ಏನೂ ಇಲ್ಲ, ಕಲ್ಲು ಎಂದೆ, ಎರಡನೆಯದು ಕಟುವಾಗಿ ಗಂಟಲಿಗಿಳಿಯಿತು, ಸೇಜ್ ಸೊಪ್ಪು ಅತ್ತೆ, ಮೂರನೆಯದು ಆ ತೆನೆಯೇ, ಅಳು ಬಂತು, ಅಷ್ಟೇ ಸಾಕಾಯಿತು ಅವರಿಗೆ. ಇಡೀ ಕಣಿವೆಗೆ ಕೇಳುವಂತೆ ಕೂಗುತ್ತಿದ್ದಾರೆ, ನನ್ನ ಸೊಸೆಗೆ ಮೂಗು ಬಂತ್ರೋ! ಕೆಳಗೆ ಯಾರದೋ ನಾಯಿ ಬೊಗಳುತ್ತಿದೆ, ನಾನು ಅವರನ್ನು ತಬ್ಬಿ ಕುತ್ತಿಗೆ ಮೂಸುತ್ತಿದ್ದೇನೆ, ಬೆವರು, ಸೋಪು, ಕಾಫಿ, ಬಿಡೇ ನಾಚಿಕೆಗೆಟ್ಟವಳೇ, ನಾನೇನು ಹೂವಾ, ಬಿಡುವುದಿಲ್ಲ, ಕಾದ ಮಣ್ಣು, ನನ್ನದೇ ಕಂಕುಳು, ಥೂ, ಎಷ್ಟು ಚೆಂದ, ಇಳಿಜಾರಿನ ತುಂಬ ನೇರಳೆ ಉಣ್ಣೆ, ಎಲ್ಲವೂ ಒಟ್ಟಿಗೇ ಮೂಗಿನೊಳಗೆ ನುಗ್ಗುತ್ತಿವೆ, ಮತ್ತೆ ಅತ್ತೆ, ಕೂಗು ನಿಲ್ಲಿಸಿ, ನಾನು ನೋಡುತ್ತಿಲ್ಲವೆಂದುಕೊಂಡು, ಕೈಯಲ್ಲುಳಿದ ತೆನೆಯನ್ನು ತಾವೂ ಮೂಸುತ್ತಾರೆ, ಕಣ್ಣು ಮುಚ್ಚಿ, ಮೊದಲ ಸಲವೆಂಬಂತೆ, ಆ ಸುಕ್ಕುಮೂಗಿನ ತುದಿಗೆ ಅಂಟಿದ ನೇರಳೆ ಉಣ್ಣೆ, ಒರೆಸಿಕೊಳ್ಳುತ್ತಿಲ್ಲ, ನೇರಳೆ ಉಣ್ಣೆ —